ತ್ರಿಯಂಬಕಯ್ಯನವರ ಎದುರಿನ ಕುರ್ಚಿ

ಪ್ರೊಫೆಸರ್ ತ್ರಿಯಂಬಕಯ್ಯನವರ ಎದುರಿನ ಕುರ್ಚಿಯಲ್ಲಿ ಕೂರುವ ಮೊದಲು ನಾನು ಮೂರು ದಿನ ಯೋಚಿಸಿದೆ. ಬೇರೆ ಊರಿನವರು ಕೇಳಿದರೆ ನಕ್ಕಾರು. ನಮ್ಮೂರಿನವರು ನಗುವುದಿಲ್ಲ. ಇಲ್ಲಿ ಒಂದೇ ಮೇಜಿಗೆ ಕೂತು ಉಂಡವರು ಒಟ್ಟಿಗೇ ಏಳಬೇಕು. ಇದು ಕಾನೂನಲ್ಲ, ಮಡಿಯೂ ಅಲ್ಲ. ಏಳಲು ಆಗುವುದಿಲ್ಲ, ಅಷ್ಟೇ. ಮೇಜಿನ ಮೇಲಿನ ಕೊನೆಯ ತಟ್ಟೆ ಬರಿದಾಗುವವರೆಗೆ ಯಾರ ಮೊಣಕಾಲೂ ನೆಟ್ಟಗಾಗುವುದಿಲ್ಲ. ಒಬ್ಬರದನ್ನು ಇನ್ನೊಬ್ಬರು ತಿಂದು ಮುಗಿಸಿದರೆ ನಡೆಯುವುದಿಲ್ಲ, ಕಣ್ಣು ತಪ್ಪಿಸಿ ಕಿಟಕಿಯಾಚೆ ಚೆಲ್ಲಿದರೂ ನಡೆಯುವುದಿಲ್ಲ. ನನ್ನ ಸೋದರಮಾವ ಒಮ್ಮೆ ಅರ್ಧ ಬದನೆಕಾಯಿ ಪಲ್ಯವನ್ನು ಜೇಬಿಗೆ ಹಾಕಿಕೊಂಡು ನೋಡಿದರು. ಷರಟು ಹಾಳಾಯಿತೇ ಹೊರತು ಕಾಲು ಬರಲಿಲ್ಲ. ಕೊನೆಗೆ ಜೇಬಿನಿಂದ ತೆಗೆದು ತಿಂದೇ ಎದ್ದರು.

ಜನ ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರುಗಳಾಗಿವೆ. ಊರಿನ ಹೋಟೆಲುಗಳಲ್ಲಿ ಒಬ್ಬರು ಕೂರುವಷ್ಟೇ ಅಗಲದ ಮೇಜುಗಳು, ಮೊಣಕೈ ಊರಿದರೆ ಲೋಟ ಉರುಳಬೇಕು. ಹೆಚ್ಚಿನವರು ನಿಂತೇ ತಿನ್ನುತ್ತಾರೆ. ಮದುವೆಮನೆಯಲ್ಲಿ ನೆಲದ ಮೇಲೆ ಎಲೆ ಹಾಕುತ್ತಾರೆ, ನೆಲಕ್ಕೆ ಈ ತೊಂದರೆ ಇಲ್ಲ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ. ಹುಡುಗಿಗೆ ಎರಡು ಒಬ್ಬಟ್ಟು ಬಡಿಸಲು ಹೇಳಿ ಗಡಿಯಾರ ನೋಡುತ್ತಾರೆ. ನನ್ನನ್ನು ನೋಡಲು ಬಂದವರು ನಾಲ್ಕೇ ನಿಮಿಷದಲ್ಲಿ ಒಪ್ಪಿಬಿಟ್ಟಿದ್ದರು. ನಾನೇ ಒಪ್ಪಲಿಲ್ಲ. ಹುಡುಗ ಒಂದು ಹಪ್ಪಳವನ್ನು ಹದಿನಾರು ಚೂರು ಮಾಡಿಕೊಂಡು ತಿನ್ನುತ್ತಿದ್ದ. ಅವನ ಜೊತೆ ನಲವತ್ತು ವರ್ಷ ಮೇಜಿಗೆ ಕೂರುವ ಶಕ್ತಿ ನನಗಿರಲಿಲ್ಲ. ನಾನು ಬೇಗ ತಿನ್ನುವವಳು, ಬೇಗ ನಡೆಯುವವಳು, ಬೇಗ ಸಿಟ್ಟಾಗುವವಳು. ಇಂಥವಳು ಪಿಎಚ್.ಡಿ.ಗೆ ಯಾಕೆ ಸೇರಿದಳೋ ಎಂದು ಅಮ್ಮ ಈಗಲೂ ಕೇಳುತ್ತಾಳೆ.

ನಮ್ಮ ವಿಶ್ವವಿದ್ಯಾನಿಲಯ ಮಾತ್ರ ಈ ತಾಪತ್ರಯವನ್ನೇ ಒಂದು ಹೆಚ್ಚುಗಾರಿಕೆ ಮಾಡಿಕೊಂಡಿದೆ. ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಹೊರಗಿನಿಂದ ಬಂದ ಪರೀಕ್ಷಕರು, ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ವಿದ್ಯಾರ್ಥಿ ಎಲ್ಲರೂ ಅತಿಥಿಗೃಹದ ಉದ್ದನೆಯ ಮೇಜಿಗೆ ಕೂತು ಉಣ್ಣಬೇಕು. ಇದಕ್ಕೆ ಮೇಜಿನೂಟ ಎನ್ನುತ್ತಾರೆ. ಎಲ್ಲರೂ ಒಟ್ಟಿಗೆ ಎದ್ದು ನಿಂತಾಗಲೇ ಪದವಿ ಸಿಕ್ಕಿದ ಹಾಗೆ. ಅಲ್ಲಿಯವರೆಗೆ ಎಷ್ಟೇ ಚೆನ್ನಾಗಿ ಉತ್ತರ ಹೇಳಿದ್ದರೂ ಯಾರೂ ನಿಮ್ಮನ್ನು ಡಾಕ್ಟರ್ ಎಂದು ಕರೆಯುವುದಿಲ್ಲ.

ನನ್ನ ಪಾಲಿಗೆ ಆ ಮೇಜು ದೂರದಲ್ಲೇ ಉಳಿದಿತ್ತು. ಹಳೆಯ ಉಪ್ಪಿನ ಗಾಡಿಗಳು ಯಾವ ದಾರಿಯಲ್ಲಿ ಓಡಾಡುತ್ತಿದ್ದವು ಎಂಬುದರ ಮೇಲೆ ನಾನು ಏಳು ವರ್ಷ ದುಡಿದು, ನಾನೂರ ಹನ್ನೆರಡು ಪುಟದ ಪ್ರಬಂಧ ಬರೆದು, ಮಾರ್ಗದರ್ಶಕರಾದ ತ್ರಿಯಂಬಕಯ್ಯನವರಿಗೆ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಅವರ ಒಂದು ಸಹಿ ಬೇಕಿತ್ತು. ವಿಭಾಗಕ್ಕೆ ಹೋದರೆ ಕೋಣೆಗೆ ಬೀಗ. ಮನೆಗೆ ಹೋದರೆ ಅವರ ಅಕ್ಕ ಬಾಗಿಲಿಗೆ ಬಂದು "ಸ್ನಾನಕ್ಕೆ ಹೋಗಿದಾನಮ್ಮ" ಎನ್ನುತ್ತಿದ್ದರು. ಒಮ್ಮೆ ಮೂರು ಗಂಟೆ ಜಗಲಿಯಲ್ಲಿ ಕಾದೆ. ಮೂರು ಗಂಟೆಯೂ ಸ್ನಾನ. ದಾರಿಯಲ್ಲಿ ಎದುರಾದರೆ, ಅರವತ್ತರ ಹತ್ತಿರದ ಆ ಮನುಷ್ಯ, ಪಕ್ಕದ ಚಪ್ಪಲಿ ಅಂಗಡಿಗೆ ನುಗ್ಗಿಬಿಡುತ್ತಿದ್ದರು. ಒಂದು ಸಲ ಹಾಗೆ ನುಗ್ಗಿ ಬೇಡದ ಚಪ್ಪಲಿ ಕೊಂಡುಕೊಂಡು ಹೊರಬಂದಿದ್ದನ್ನು ನಾನೇ ನೋಡಿದ್ದೇನೆ.

ಆ ಶುಕ್ರವಾರ ನನ್ನ ನೋಂದಣಿಯ ಕೊನೆಯ ದಿನ. ಸಂಜೆ ನಾಲ್ಕಕ್ಕೆ ಕಚೇರಿಯ ಕಿಟಕಿ ಮುಚ್ಚುವುದರೊಳಗೆ, ಮಾರ್ಗದರ್ಶಕರ ಸಹಿ ಇರುವ ನಮೂನೆಯನ್ನು ವಿದ್ಯಾರ್ಥಿಯೇ ಖುದ್ದಾಗಿ ಕೊಡಬೇಕು. ಇಲ್ಲದಿದ್ದರೆ ನೋಂದಣಿ ರದ್ದು. ಆಮೇಲೆ ಹೊಸದಾಗಿ ಅರ್ಜಿ, ಹೊಸದಾಗಿ ಪ್ರವೇಶ ಪರೀಕ್ಷೆ, ಕಡಿಮೆಯೆಂದರೆ ಇನ್ನೆರಡು ವರ್ಷ. ಹಾಗಾಗಿ ನಾನು ಅವರನ್ನು ಓಡಿಹೋಗಲು ಆಗದ ಒಂದೇ ಜಾಗದಲ್ಲಿ ಹಿಡಿಯಲು ತೀರ್ಮಾನಿಸಿದೆ. ಅದು ಹ್ವಾ ಆಂಟಿಯ ಹೋಟೆಲು.

ಹ್ವಾ ಆಂಟಿ ವಿಯೆಟ್ನಾಮಿನವರು. ಇಪ್ಪತ್ತೆರಡು ವರ್ಷದ ಹಿಂದೆ, ಭತ್ತದ ತಳಿಗಳ ಮೇಲೆ ಸಂಶೋಧನೆ ಮಾಡಲು ಬಂದ ಗಂಡನ ಜೊತೆ ಈ ಊರಿಗೆ ಬಂದರು. ಗಂಡ ಕ್ವಾಂಗ್ ಈಗ ಭತ್ತ ಬಿಟ್ಟು ಅಡುಗೆಮನೆಯಲ್ಲಿ ಕೋಳಿಯ ಸಾರು ಕುದಿಸುತ್ತಾರೆ. ಚಕ್ರಮೊಗ್ಗು, ಸುಟ್ಟ ಶುಂಠಿ, ಸುಟ್ಟ ಈರುಳ್ಳಿಯ ವಾಸನೆ ವಿಶ್ವವಿದ್ಯಾನಿಲಯದ ಹಿಂದಿನ ಗೇಟಿನವರೆಗೂ ಬರುತ್ತದೆ. ಅಗಲವಾದ ಬಟ್ಟಲಲ್ಲಿ ಅಕ್ಕಿಶಾವಿಗೆ, ಅದರ ಮೇಲೆ ಸಾರು, ಪಕ್ಕದ ತಟ್ಟೆಯಲ್ಲಿ ಪುದೀನ, ಮೊಳಕೆಕಾಳು, ನಿಂಬೆಹೋಳು, ಹಸಿಮೆಣಸಿನಕಾಯಿ. ಅವರ ಭಾಷೆಯಲ್ಲಿ ಅದಕ್ಕೆ ಫೋ ಎಂದು ಹೆಸರು. ಊರಿನವರು ಶಾವಿಗೆ ಸಾರು ಎನ್ನುತ್ತಾರೆ, ಹ್ವಾ ಆಂಟಿ ಮೊದಮೊದಲು ತಿದ್ದಿ, ಆಮೇಲೆ ಸುಸ್ತಾಗಿ ಬಿಟ್ಟರು.

ಅಂಥ ಬಟ್ಟಲನ್ನು ನಿಂತು ತಿನ್ನಲು ಆಗುವುದಿಲ್ಲ. ಕಿರಿದಾದ ಮೇಜಿನಲ್ಲಿ ಅದು ಹಿಡಿಸುವುದೂ ಇಲ್ಲ. ನಾಲ್ಕು ಜನ ಕೂರುವ ದೊಡ್ಡ ಮೇಜುಗಳಿರುವುದು ಇಡೀ ಊರಿನಲ್ಲಿ ಹ್ವಾ ಆಂಟಿಯ ಹೋಟೆಲಿನಲ್ಲಿ ಮಾತ್ರ. ಅವೂ ನಾಲ್ಕೇ. ಹಿತೈಷಿಗಳು ಮೇಜು ಕೊಯ್ಯಿಸಿ ಚಿಕ್ಕದು ಮಾಡಿಸಿ ಎಂದು ಹೇಳಿ ನೋಡಿದರು. "ಊಟಕ್ಕೆ ಕೂತ್ರೆ ಎದುರಿಗೆ ಮನುಷ್ಯ ಇರ್ಬೇಕು ಕಣ್ರೀ" ಎಂದು ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತ ಕನ್ನಡದಲ್ಲಿ ಗದರಿ ಕಳಿಸಿದರು. ಹಾಗಾಗಿ ಅಲ್ಲಿಗೆ ಬರುವವರು ಬೇಗ ತಿನ್ನುವ ಜೊತೆಗಾರರನ್ನು ಕಟ್ಟಿಕೊಂಡೇ ಬರುತ್ತಾರೆ. ಮಧ್ಯಾಹ್ನ ಬಾಗಿಲಾಚೆ ಸಾಲು ನಿಂತಿರುತ್ತದೆ. ಒಂದೇ ಒಂದು ಮೇಜಿನಲ್ಲಿ ಮಾತ್ರ ಮೂರು ಕುರ್ಚಿ ಯಾವಾಗಲೂ ಖಾಲಿ. ಅಡುಗೆಮನೆ ಬಾಗಿಲ ಪಕ್ಕದ ಆ ಮೇಜು ತ್ರಿಯಂಬಕಯ್ಯನವರದು. ಅವರು ಒಂದು ಬಟ್ಟಲಿಗೆ ಎರಡೂವರೆ ಗಂಟೆ ತೆಗೆದುಕೊಳ್ಳುತ್ತಾರೆ ಎಂಬುದು ಊರಿಗೇ ಗೊತ್ತಿತ್ತು. ಎಷ್ಟೇ ಹಸಿದವನೂ ಅವರ ಎದುರು ಕೂರುವ ಧೈರ್ಯ ಮಾಡುತ್ತಿರಲಿಲ್ಲ.

ನನ್ನ ಲೆಕ್ಕಾಚಾರ ಹೀಗಿತ್ತು. ಹನ್ನೆರಡೂವರೆಗೆ ಶುರು ಮಾಡುತ್ತಾರೆ, ಮೂರಕ್ಕೆ ಮುಗಿಸುತ್ತಾರೆ. ನಾನು ಒಂದೂವರೆಗೆ ಕೂತರೆ ಒಂದೂವರೆ ಗಂಟೆ ಮನುಷ್ಯ ನನ್ನ ಕೈಯಲ್ಲಿ. ಸ್ನಾನದ ನೆಪ ಇಲ್ಲ, ಚಪ್ಪಲಿ ಅಂಗಡಿ ಇಲ್ಲ. ಸಹಿ ಹಾಕಿಸಿಕೊಂಡು, ಒಟ್ಟಿಗೆ ಎದ್ದು, ಮೂರೂಕಾಲಿಗೆ ಕಚೇರಿಯ ಕಿಟಕಿಯಲ್ಲಿರುತ್ತೇನೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು, ನಮೂನೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೊರಟೆ.

ನಾನು ಕುರ್ಚಿ ಎಳೆದ ಸದ್ದಿಗೆ ಅವರು ತಲೆ ಎತ್ತಿದರು. ಮುಖ ಬಿಳಚಿಕೊಂಡಿತು. "ಬೇಡಮ್ಮಾ ಶಶಿರೇಖಾ, ಇಲ್ಲಿ ಕೂರ್ಬೇಡ. ನಾಳೆ ವಿಭಾಗಕ್ಕೆ ಬಾ."

"ನಾಳೆ ಬಂದ್ರೆ ಬೀಗ ಇರತ್ತೆ ಸಾರ್. ಅಲ್ಲದೆ ನಾಳೆ ನಾನು ನಿಮ್ಮ ವಿದ್ಯಾರ್ಥಿನಿ ಆಗಿರಲ್ಲ" ಎಂದು ಹೇಳಿ ಕೂತೇಬಿಟ್ಟೆ. ಬಾಗಿಲ ಸಾಲಿನಲ್ಲಿದ್ದವರು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಅಂಚೆ ಕಚೇರಿಯ ವರದರಾಜು, ಊರಿನ ಎಲ್ಲರ ಬಗ್ಗೆಯೂ ಒಂದು ಮಾತು ಇಟ್ಟುಕೊಂಡಿರುವವನು, "ಆ ಯಮ್ಮ ಹಾಸಿಗೆ ತಂದಿದ್ಯಾ ಕೇಳ್ರಪ್ಪ" ಎಂದ. ನಾಲ್ಕು ಜನ ನಕ್ಕರು.

ಹ್ವಾ ಆಂಟಿ ಬಂದು ನನ್ನನ್ನೂ ಅವರನ್ನೂ ಒಮ್ಮೆ ನೋಡಿ, ಹಣೆ ಗಂಟಿಕ್ಕಿಕೊಂಡು ನನಗೊಂದು ಬಟ್ಟಲು ತಂದಿಟ್ಟರು. ಇಟ್ಟು ಹೋಗುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ತಿನ್ನೋವಾಗ ಮೇಷ್ಟ್ರನ್ನ ಮಾತಾಡಿಸ್ಬೇಡಿ" ಎಂದರು. ನನಗೆ ರೇಗಿತು. ಮಾತಾಡಿಸದೆ ಇರಲು ನಾನೇನು ಶಾವಿಗೆ ತಿನ್ನಲು ಬಂದಿದ್ದೆನೇ? ಇಡೀ ಊರೇ ಸೇರಿಕೊಂಡು ಈ ಮನುಷ್ಯನನ್ನು ನನ್ನಿಂದ ಬಚ್ಚಿಡುತ್ತಿದೆ ಅನ್ನಿಸಿತು. ಮನೆಯಲ್ಲಿ ಅಕ್ಕ, ಇಲ್ಲಿ ಇವರು.

ನಮೂನೆ ತೆಗೆದು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆರೆದೆ. "ಸಹಿ ಮಾಡಿ ಸಾರ್."

ಅವರು ಚಮಚೆಯಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಬಾಯಲ್ಲೇ ಆಡಿಸಿ, ಕಣ್ಣು ಮುಚ್ಚಿ, ಗದ್ದ ಕೆಳಗೆ ಮಾಡಿ ನುಂಗಿದರು. ಅದಕ್ಕೇ ಒಂದು ನಿಮಿಷ ಆಯಿತು. ಆಮೇಲೆ, "ಮೂರನೇ ಅಧ್ಯಾಯದಲ್ಲಿ ಅಡಿಟಿಪ್ಪಣಿ ಸರಿಯಾಗಿಲ್ಲ" ಎಂದರು.

"ಯಾವುದು?"

"ಕೆಲವು."

"ಯಾವ ಕೆಲವು? ನಂಬರ್ ಹೇಳಿ, ಇಲ್ಲೇ ತಿದ್ತೀನಿ."

ಇನ್ನೊಂದು ಗುಟುಕು. ಇನ್ನೊಂದು ನಿಮಿಷ. "ನಂಬರ್ ನೆನಪಿಲ್ಲ. ಒಟ್ಟಾರೆ ಹೇಳಿದ್ದು."

ನಾನು ನನ್ನ ಬಟ್ಟಲನ್ನು ಹತ್ತು ನಿಮಿಷದಲ್ಲಿ ಮುಕ್ಕಾಲು ಮುಗಿಸಿ, ತಳದಲ್ಲಿ ನಾಲ್ಕು ಚಮಚದಷ್ಟು ಸಾರು ಬೇಕೆಂದೇ ಉಳಿಸಿಕೊಂಡೆ. ಆ ಸಾರಿರುವವರೆಗೆ ಅವರು ಏಳುವಂತಿಲ್ಲ. ಎರಡು ಗಂಟೆಯವರೆಗೆ ಅಡಿಟಿಪ್ಪಣಿಯ ಮಾತಾಯಿತು. ಎರಡೂವರೆಯವರೆಗೆ ನಕಾಶೆಗಳ ಬಣ್ಣದ ಮಾತಾಯಿತು. ಐದನೇ ಅಧ್ಯಾಯದ ಶೀರ್ಷಿಕೆ ಉದ್ದವಾಯಿತು ಎಂದರು. ಚಿಕ್ಕದು ಮಾಡುತ್ತೇನೆ ಎಂದೆ. ಚಿಕ್ಕದು ಮಾಡಿದರೆ ಅರ್ಥವಾಗುವುದಿಲ್ಲ ಎಂದರು. ನನ್ನ ತಲೆ ಚಿಟ್ಟು ಹಿಡಿಯಿತು. ಪ್ರತಿ ಪ್ರಶ್ನೆಗೂ ಅವರು ಚಮಚೆ ಕೆಳಗಿಟ್ಟು, ಉತ್ತರ ಹೇಳಿ, ಮತ್ತೆ ಚಮಚೆ ಎತ್ತಿ, ಎತ್ತಿದ್ದನ್ನು ಊದಿ, ನೋಡಿ, ನಿಧಾನಕ್ಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರನ್ನು ಹಿಡಿಯಲು ಹೋದ ನಾನು ಹಿಡಿದು ಕೂರಿಸಿದ್ದು ನನ್ನನ್ನೇ ಎಂದು ಆಗ ಹೊಳೆಯಿತು. ಮಾತಾಡಿಸಿದಷ್ಟೂ ಅವರ ಬಟ್ಟಲು ನಿಂತಲ್ಲೇ ನಿಲ್ಲುತ್ತಿತ್ತು. ಎರಡೂ ಮುಕ್ಕಾಲಾದರೂ ಅದರಲ್ಲಿ ಅರ್ಧ ಹಾಗೇ ಇತ್ತು. ಈಗ ಸಹಿ ಸಿಕ್ಕರೂ ಎದ್ದು ಹೋಗಲು ನನಗೆ ಕಾಲಿರಲಿಲ್ಲ.

ಆ ಬಟ್ಟಲಿನೊಳಗೆ ನಾನು ಸರಿಯಾಗಿ ನೋಡಿದ್ದೂ ಆಗಲೇ. ನನ್ನದರಲ್ಲಿ ಶಾವಿಗೆ ಮೊಳದುದ್ದ ಇತ್ತು. ಅವರದರಲ್ಲಿ ಶಾವಿಗೆಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ, ಕೋಳಿಯನ್ನು ಅರೆದು, ಸೊಪ್ಪು ಏನೂ ಹಾಕದೆ ಗಂಜಿಯ ಹಾಗೆ ಮಾಡಿದ್ದರು. ಕೂಸಿಗೆ ಉಣಿಸುವ ಹಾಗೆ. ಪ್ರೊಫೆಸರಿಗೆ ಇಷ್ಟೊಂದು ಉಪಚಾರ! ನನಗೆ ಇನ್ನೂ ಸಿಟ್ಟು ಬಂತು.

"ಸಾರ್, ನೀವು ನನ್ನ ಪ್ರಬಂಧ ಓದೇ ಇಲ್ಲ ಅಲ್ವಾ?" ಎಂದು ಕೇಳಿಬಿಟ್ಟೆ. ದನಿ ಜೋರಾಯಿತು. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. "ಹದಿನಾಲ್ಕು ತಿಂಗಳು! ಒಂದು ಪುಟನಾದ್ರೂ ತಿರುವಿ ಹಾಕಿದ್ರಾ?"

"ಮೂರು ಸಲ ಓದಿದೀನಿ" ಎಂದು ಅವರೂ ದನಿ ಎತ್ತಿದರು. ಬಾಯಲ್ಲಿ ಗುಟುಕಿತ್ತು. ಅದು ಎಲ್ಲಿಗೋ ಹೋಗಿ ಸಿಕ್ಕಿಕೊಂಡಿತು. ಕೆಮ್ಮಲು ಬಾಯಿ ತೆರೆದರು, ಕೆಮ್ಮು ಬರಲಿಲ್ಲ. ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಂತು. ಹ್ವಾ ಆಂಟಿ ಅಡುಗೆಮನೆಯಿಂದ ಓಡಿಬಂದು, ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿ, ಒಂದು ಬಟ್ಟೆ ಹಿಡಿದರು. ಎಷ್ಟೋ ಹೊತ್ತಿನ ಮೇಲೆ ಉಸಿರು ಬಂತು. ಆಂಟಿ ಬಟ್ಟೆ ಮಡಿಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಹೇಳಿದ್ನಾ ಇಲ್ವಾ ನಿಮಗೆ? ಮಾತಾಡಿಸ್ಬೇಡಿ ಅಂತ? ಗಂಟಲು ಇಷ್ಟೇ ಇರೋದು ಅವರಿಗೆ" ಎಂದು ಕಿರುಬೆರಳಿನ ತುದಿ ತೋರಿಸಿದರು. "ಓದಿದೋರಿಗೆ ಒಂದು ಮಾತು ಹೇಳಿದ್ರೆ ತಿಳಿಯಲ್ಲ."

"ಹ್ವಾ" ಎಂದು ಅವರು ತಡೆಯಲು ನೋಡಿದರು. ತಡವಾಗಿತ್ತು.

ಒಂದೂವರೆ ವರ್ಷದಿಂದ ಅವರ ಅನ್ನನಾಳ ಕಿರಿದಾಗುತ್ತ ಬಂದಿತ್ತಂತೆ. ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ, ಆದರೆ ಗಟ್ಟಿಯಾದ್ದು ಯಾವುದೂ ಇಳಿಯುವುದಿಲ್ಲ, ತೆಳ್ಳಗಿದ್ದದ್ದೂ ಅವಸರ ಮಾಡಿದರೆ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಅಕ್ಕನಿಗೆ ಮತ್ತು ಇಲ್ಲಿ ಹ್ವಾ ಆಂಟಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಅಕ್ಕ ಹೇಳುತ್ತಿದ್ದ ಸ್ನಾನವೆಲ್ಲ ಊಟವಾಗಿತ್ತು. ಅವರು ಇದನ್ನೆಲ್ಲ ಮೇಜಿನ ಮೇಲಿನ ನಮೂನೆಯನ್ನು ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಹೇಳಿದರು.

"ಸರಿ ಸಾರ್" ಎಂದೆ. ನಾಚಿಕೆಯಾಗಿತ್ತು ನಿಜ, ಆದರೆ ಸಿಟ್ಟು ಇನ್ನೂ ಹೋಗಿರಲಿಲ್ಲ. "ಅದಕ್ಕೂ ನನ್ನ ಸಹಿಗೂ ಏನು ಸಂಬಂಧ? ಸಹಿ ಹಾಕೋಕೆ ಗಂಟಲು ಬೇಕಾಗಿಲ್ಲವಲ್ಲ?"

ಅವರು ಚಮಚೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಸಹಿ ಹಾಕಿದ್ರೆ ಅರವತ್ತು ದಿನದಲ್ಲಿ ಪರೀಕ್ಷೆ ಇಡ್ತಾರೆ" ಎಂದರು.

"ಇಡಲಿ ಸಾರ್! ಅದಕ್ಕೇ ತಾನೆ ನಾನು ಸಾಯ್ತಾ ಇರೋದು?"

"ಪರೀಕ್ಷೆ ಆದ್ಮೇಲೆ ಮೇಜಿನೂಟ."

ನಾನು ಅವರ ಬಟ್ಟಲಿನ ಕಡೆ ನೋಡಿದೆ.

"ಹೊರಗಿನಿಂದ ಇಬ್ಬರು ಬರ್ತಾರೆ" ಎಂದು ಅವರು ಮುಂದುವರಿಸಿದರು. "ಅವರಿಗೆ ಸಂಜೆ ರೈಲಿರತ್ತೆ. ಪೂರಿ, ಪಲಾವು, ಜಿಲೇಬಿ ಎಲ್ಲ ಬಡಿಸ್ತಾರೆ. ಬಡಿಸಿದ್ದನ್ನ ಬಿಡೋ ಹಾಗಿಲ್ಲ. ಎಲ್ಲರೂ ಕೈ ತೊಳೆಯೋಕೆ ಕಾಯ್ತಾ ನನ್ನ ತಟ್ಟೇನೇ ನೋಡ್ತಾ ಕೂತಿರ್ತಾರೆ. ಮೂರು ಗಂಟೆ, ನಾಲ್ಕು ಗಂಟೆ. ಮುಖ್ಯಸ್ಥರು ಇರ್ತಾರೆ. ನಾನು ಅಲ್ಲಿ ಎಲ್ಲರ ಮುಂದೆ ಕೆಮ್ಮಿ, ಬಾಯಿಂದ..." ಅವರು ಮಾತು ನಿಲ್ಲಿಸಿ ಬಟ್ಟಲಿನ ಅಂಚು ಒರೆಸಿದರು. "ಮೂವತ್ತು ವರ್ಷ ಪಾಠ ಮಾಡಿದೀನಿ ಶಶಿರೇಖಾ. ಹನ್ನೊಂದು ಮೇಜಿನೂಟ ಮುಗಿಸಿ ಎದ್ದಿದೀನಿ. ಎಲ್ಲದರಲ್ಲೂ ಮೊದಲು ತಟ್ಟೆ ಖಾಲಿ ಮಾಡ್ಕೊಂಡು ಕೂತಿರ್ತಿದ್ದೋನು ನಾನೇ. ನಿಧಾನಕ್ಕೆ ತಿನ್ನೋರನ್ನ ಎಷ್ಟು ಆಡ್ಕೊಂಡಿದೀನಿ ಗೊತ್ತಾ?"

ಹದಿನಾಲ್ಕು ತಿಂಗಳು ನಾನು ನಿದ್ದೆಗೆಟ್ಟು ನನ್ನ ಬರವಣಿಗೆಯಲ್ಲಿ ಏನು ತಪ್ಪಿದೆ ಎಂದು ಹುಡುಕಿದ್ದೆ. ಮೂರನೇ ಅಧ್ಯಾಯವನ್ನು ಐದು ಸಲ ಬರೆದಿದ್ದೆ. ನಾನು ದಡ್ಡಿ, ನನಗೆ ಇದು ಆಗದ ಕೆಲಸ ಎಂದು ಅಮ್ಮನ ಮುಂದೆ ಅತ್ತಿದ್ದೆ. ಕಾರಣ ಪೂರಿ, ಪಲಾವು, ಜಿಲೇಬಿ!

"ಅಷ್ಟಕ್ಕಾ ಸಾರ್? ಅಷ್ಟಕ್ಕಾ? ನನಗೆ ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ?"

"ಹೇಳಿದ್ರೆ ನೀನು ಪಾಪ ಅಂತಿದ್ದೆ."

"ನಾನಾ? ನಾನು ಯಾರಿಗೂ ಪಾಪ ಅನ್ನೋಳಲ್ಲ. ಬೇಕಿದ್ರೆ ನಮ್ಮಮ್ಮನ್ನ ಕೇಳಿ."

ಅವರ ತುಟಿಯ ಒಂದು ಕಡೆ ಸ್ವಲ್ಪ ಅಲುಗಿತು. ನಗು ಎಂದು ಕರೆಯುವಷ್ಟು ಇರಲಿಲ್ಲ. ನಮೂನೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಏರಿಸಿ, ಅದೇ ನಿಧಾನದಲ್ಲಿ ತಮ್ಮ ಉದ್ದನೆಯ ಹೆಸರನ್ನು ಒಂದಕ್ಷರವೂ ಬಿಡದೆ ಬರೆದರು. "ಒಳ್ಳೇ ಪ್ರಬಂಧ. ಅಡಿಟಿಪ್ಪಣಿ ಎಲ್ಲ ಸರಿ ಇದೆ" ಎಂದು ಹೇಳಿ ನನ್ನ ಕಡೆಗೆ ತಳ್ಳಿದರು. ಹದಿನಾಲ್ಕು ತಿಂಗಳಿನಿಂದ ಕೇಳಬೇಕೆಂದುಕೊಂಡಿದ್ದ ಮಾತು ಹೀಗೆ, ಸಾರಿನ ಕಲೆಗಳ ನಡುವೆ, ಸುಮ್ಮನೆ ಬಂದುಬಿಟ್ಟಿತು. ನನಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಕಚೇರಿಗೆ ಬೇಗ ನಡೆದರೆ ಹತ್ತು ನಿಮಿಷ. ನಾನು ಉಳಿಸಿಕೊಂಡಿದ್ದ ಸಾರನ್ನು ಒಂದೇ ಸಲಕ್ಕೆ ಕುಡಿದು ಬಟ್ಟಲು ಬರಿದು ಮಾಡಿದೆ. ಅವರ ಬಟ್ಟಲಲ್ಲಿ ಇನ್ನೂ ಮೂರರಲ್ಲಿ ಒಂದು ಪಾಲು ಇತ್ತು. ಇಬ್ಬರೂ ಮಾತು ನಿಲ್ಲಿಸಿದೆವು. ಅವರು ತಿಂದರು, ನಾನು ನೋಡಿದೆ. ನೋಡಬಾರದು ಎಂದು ಕಿಟಕಿಯ ಕಡೆ ತಿರುಗಿದೆ. ಕಿಟಕಿಯಲ್ಲಿ, ಮಧ್ಯಾಹ್ನ ಉಂಡು ಹೋಗಿ ಸಂಜೆಯ ತಿಂಡಿಗೆ ಮತ್ತೆ ಬಂದಿದ್ದ ವರದರಾಜುವಿನ ಮುಖ ಇತ್ತು. ಮತ್ತೆ ಈ ಕಡೆ ತಿರುಗಿದೆ. ಮೂರೂವರೆ. ಮೂರೂ ಮೂವತ್ತೆಂಟು. ನನ್ನ ಕಾಲು ಮೇಜಿನ ಕೆಳಗೆ ತಾನಾಗಿಯೇ ಕುಣಿಯುತ್ತಿತ್ತು. ಕುಣಿಯಲು ಬರುತ್ತಿತ್ತು, ಏಳಲು ಬರುತ್ತಿರಲಿಲ್ಲ. ಸಾಲಿನಲ್ಲಿ ತಿಂಡಿಗೆ ಬಂದ ಇತರರೂ ಸೇರಿಕೊಂಡು ಗೊಣಗಾಟ ಹೆಚ್ಚಿತು. ವರದರಾಜು ಕಿಟಕಿಯಿಂದಲೇ ಕೂಗಿದ: "ಏನ್ ಮೇಷ್ಟ್ರೇ, ಶಾವಿಗೆ ಎಣಿಸ್ತಾ ಇದ್ದೀರಾ? ಪಾಪ ಆ ಯಮ್ಮನ ಕೆಲಸ ಕೆಡತ್ತೆ. ಸ್ವಲ್ಪ ಬೇಗ ಬೇಗ ನುಂಗಿ."

ಜನ ನಕ್ಕರು. ಮಧ್ಯಾಹ್ನ ಸಾಲಿನವರು ಹೀಗೇ ನಕ್ಕಾಗ ನಾನೂ ಒಳಗೊಳಗೇ ನಕ್ಕಿದ್ದೆ.

ತ್ರಿಯಂಬಕಯ್ಯನವರ ಕಿವಿಯೆಲ್ಲ ಕೆಂಪಾಯಿತು. ಗಡಿಯಾರ ನೋಡಿದರು. ಮೂರೂ ನಲವತ್ತೆರಡು. "ಇರಮ್ಮ, ಮುಗಿಸಿಬಿಡ್ತೀನಿ, ಇನ್ನೆಷ್ಟು, ಎತ್ತಿ ಕುಡಿದ್ರೆ ಆರೇಳು ಗುಟುಕು" ಎಂದು ಚಮಚೆ ಪಕ್ಕಕ್ಕಿಟ್ಟು, ಬಟ್ಟಲನ್ನೇ ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟುಕೊಂಡರು. ಮೊದಲ ಗುಟುಕು ಇಳಿಯಿತು. ಎರಡನೆಯದಕ್ಕೆ ಅವರ ಹೆಗಲು ಮೇಲೆದ್ದು ಕಣ್ಣು ಅಗಲವಾದವು. ಅವರು ಬಟ್ಟಲು ಇಳಿಸಲಿಲ್ಲ. ಒಂದು ಕೈಯಿಂದ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಹೇಗೋ ನುಂಗಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮೂರನೆಯ ಗುಟುಕಿಗೆ ಮತ್ತೆ ಬಟ್ಟಲು ಎತ್ತಿದರು.

ಹೀಗೆ ಮಾಡಿದರೆ ಅವರು ಮುಗಿಸಿಬಿಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಮೂರೂ ಐವತ್ತಕ್ಕೆ ಬಟ್ಟಲು ಬರಿದಾಗುತ್ತಿತ್ತು, ನಾನು ಓಡುತ್ತಿದ್ದೆ, ನಾಲ್ಕರೊಳಗೆ ಕಿಟಕಿ ತಲುಪುತ್ತಿದ್ದೆ. ಅವರು ಅದಕ್ಕೇ ಹಾಗೆ ಕುಡಿಯುತ್ತಿದ್ದರು. ನಾನು ಒಂದು ಕ್ಷಣ ಸುಮ್ಮನೆ ಕೂತು ನೋಡಿದೆ. ಒಂದು ಕ್ಷಣ ಅಲ್ಲ, ಅದಕ್ಕಿಂತ ಹೆಚ್ಚೇ. ಆಮೇಲೆ ಕೈ ಚಾಚಿ ಬಟ್ಟಲಿನ ಮೇಲೆ ಅಂಗೈ ಇಟ್ಟು ಕೆಳಗಿಳಿಸಿದೆ.

"ಬಿಡಿ ಸಾರ್."

"ಟೈಮಾಗತ್ತೆ ಕಣಮ್ಮಾ. ಬಿಡು ಕೈನ."

"ಚಮಚೆ ತಗೊಳ್ಳಿ. ನಿಧಾನಕ್ಕೆ ಊಟ ಮಾಡಿ."

"ಏಳು ವರ್ಷ—"

"ಗೊತ್ತು ಸಾರ್, ಏಳು ವರ್ಷ ಅಂತ. ಮಾಡಿದೋಳು ನಾನು. ನೀವು ಮಾತಾಡ್ಬೇಡಿ, ಮಾತಾಡಿದ್ರೆ ಸಿಕ್ಕಿಕೊಳ್ಳತ್ತೆ."

ಹೊರಗಿನಿಂದ ವರದರಾಜು ಮತ್ತೆ ಏನೋ ಅಂದ. ನನಗೆ ಅದುವರೆಗೆ ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದಿದ್ದ ಸಿಟ್ಟೆಲ್ಲ ಒಂದು ಕಡೆ ಬಂದು ನಿಂತಿತು. ಅಡುಗೆಮನೆಯ ಕಡೆ ತಿರುಗಿ, ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದೆ: "ಹ್ವಾ ಆಂಟಿ, ನನಗೆ ಇನ್ನೊಂದು ಶಾವಿಗೆ ಸಾರು. ದೊಡ್ಡ ಬಟ್ಟಲು. ತುಂಬಾ ಹಾಕಿ."

ಸಾಲಿನವರೆಲ್ಲ ಅಯ್ಯಯ್ಯೋ ಎಂದರು. "ನಿಮಗೇನ್ರೀ ಹೊಟ್ಟೆ? ಈಗ ತಿಂದ್ರಲ್ಲ?" ಎಂದ ವರದರಾಜು. "ಇನ್ನೂ ಹಸಿವಿದೆ. ನಿಮ್ಮಪ್ಪನ ಗಂಟೇನ್ರೀ ಹೋಗೋದು?" ಎಂದೆ. ಅಲ್ಲಿಂದ ಮುಂದೆ ಬೈಗುಳವೆಲ್ಲ ನನ್ನ ಕಡೆ ಬಂತು. ಹ್ವಾ ಆಂಟಿ ಬಟ್ಟಲು ತಂದು ನನ್ನ ಮುಂದಿಟ್ಟು, ಒರೆಸಲು ಸೀರೆಯ ಸೆರಗಿಲ್ಲದ್ದರಿಂದ ನನ್ನ ಮುಖವನ್ನು ಅಂಗೈಯಿಂದಲೇ ಒಂದು ಸಲ ಒರೆಸಿ ಹೋದರು. ಅಳುತ್ತಿದ್ದೇನೆ ಎಂದು ಆಗಲೇ ನನಗೆ ಗೊತ್ತಾಗಿದ್ದು.

ನಾಲ್ಕು ಗಂಟೆಗೆ ವಿಶ್ವವಿದ್ಯಾನಿಲಯದ ಗಂಟೆ ಹೊಡೆಯಿತು. ತ್ರಿಯಂಬಕಯ್ಯನವರು ಚಮಚೆ ನಿಲ್ಲಿಸಿ ನನ್ನನ್ನು ನೋಡಿದರು. ನಾನು ಶಾವಿಗೆಯನ್ನು, ಅಲ್ಲಿ ತಿನ್ನಲು ಕೊಡುವ ಜೋಡಿ ಕಡ್ಡಿಗೆ ಸುತ್ತುತ್ತಿದ್ದೆ. ಆ ದಿನದ ಮಟ್ಟಿಗೆ ನನ್ನ ಹೊಟ್ಟೆಯಲ್ಲಿ ಒಂದು ಎಳೆಗೂ ಜಾಗವಿರಲಿಲ್ಲ. ಒಂದೊಂದೇ ಎಳೆ ತೆಗೆದು ತಿಂದೆ. ಹುಟ್ಟಿದಾಗಿನಿಂದ ಅಷ್ಟು ನಿಧಾನವಾಗಿ ನಾನು ಏನನ್ನೂ ತಿಂದಿರಲಿಲ್ಲ. ತಣ್ಣಗಾದ ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟುವುದನ್ನೂ ನೋಡಿದೆ. ಸೋಮವಾರದಿಂದ ಮತ್ತೆ ಅರ್ಜಿ, ಮತ್ತೆ ಸಾಲು, ಮತ್ತೆ ಪ್ರವೇಶ ಪರೀಕ್ಷೆ ಎಂದು ನೆನೆದಾಗಲೆಲ್ಲ ಎದುರಿಗಿರುವವರ ತಲೆಯ ಮೇಲೆ ಬಟ್ಟಲು ಕವುಚಬೇಕು ಅನ್ನಿಸುತ್ತಿತ್ತು. ಅವರು ಮಾತ್ರ ಈಗ ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಒಂದು ಗುಟುಕು, ಒಂದು ನಿಮಿಷ. ಒಮ್ಮೆಯೂ ಕೆಮ್ಮಲಿಲ್ಲ.

ನಾಲ್ಕೂ ಮೂವತ್ತೈದಕ್ಕೆ ಅವರು ಮುಗಿಸಿದರು. ಚಮಚೆಯನ್ನು ಖಾಲಿ ಬಟ್ಟಲಲ್ಲಿಟ್ಟು, ಬಾಯಿ ಒರೆಸಿಕೊಂಡು, ಕುರ್ಚಿಗೆ ಒರಗಿ ಕೂತರು. ಅಷ್ಟು ಹೊತ್ತಿಗೆ ವರದರಾಜುವಿಗೆ ಪಕ್ಕದ ಮೇಜು ಸಿಕ್ಕಿ, ಅವನೂ ಅವನ ಜೊತೆಯವರೂ ತಿಂದು ಏಳುವುದರಲ್ಲಿದ್ದರು. ತ್ರಿಯಂಬಕಯ್ಯನವರು ನನ್ನ ಬಟ್ಟಲಿನೊಳಗೆ ಇಣುಕಿದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಮೊದಲು ಮುಗಿಸಿದವರು ತಾವೇ ಎಂದು ಹೊಳೆದು ಅವರ ಮುಖ ನಿಧಾನವಾಗಿ ಬದಲಾಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಮೂವತ್ತು ವರ್ಷ ಪಾಠ ಮಾಡಿದ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಏನಮ್ಮಾ ಶಶಿರೇಖಾ, ಎಷ್ಟೊತ್ತು ತಿಂತೀಯ? ನಮಗೆಲ್ಲ ಬೇರೆ ಕೆಲಸ ಇಲ್ವಾ?"

"ಪಾಪ ಮೇಷ್ಟ್ರನ್ನ ಹಿಡ್ಕೊಂಡು ಕೂತಿದಾಳೆ" ಎಂದ ವರದರಾಜು.

ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಎಳೆ ಕಡ್ಡಿಗೆ ಸುತ್ತಿಕೊಂಡೆ.

"ಸ್ವಲ್ಪ ತಡೀರಿ ಸಾರ್" ಎಂದೆ. "ನಂದು ನಿಧಾನ."